ಒಂದೇ ಪ್ಯಾಕು, ಎರಡು ದ್ರವ: ಮುರುಗಲು–ಕಾಯಿಹಾಲು, ಡಿಕಾಕ್ಷನ್–ಹಾಲು ತುಂಬಿ ಮಾರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮುರುಗಲು (ಕೋಕಂ, ಪುನರ್ಪುಳಿ) ಹಣ್ಣಾಗುವ ಕಾಲ ಬಂತೆಂದರೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ಶಿರಸಿ ಕಡೆಯ ಸ್ವಸಹಾಯ ಸಂಘದವರು, ಕಾರವಾರದಲ್ಲಿ ಮುರುಗಲು–ಕಾಯಿಹಾಲಿನ ಸೋಲ್‌ಕಡಿ ಮಾಡಿ ಮಾರುವವರು, ಬೆಂಗಳೂರಿನಲ್ಲಿ ಫಿಲ್ಟರ್ ಕಾಫಿಯನ್ನು ಬಾಟಲಿಗೆ ಇಳಿಸಬೇಕೆಂದು ಹೊರಟ ಹುಡುಗರು, ಎಲ್ಲರೂ ಕೇಳುವುದು ಒಂದನ್ನೇ. ಎರಡು ದ್ರವ ಒಂದೇ ಪ್ಯಾಕಿನಲ್ಲಿ ಇರಬೇಕು, ಆದರೆ ಕುಡಿಯುವ ಹೊತ್ತಿನವರೆಗೆ ಒಂದನ್ನೊಂದು ಮುಟ್ಟಬಾರದು, ಹೇಗೆ? ಸಣ್ಣ ತಯಾರಕರಿಗೆ ಪ್ಯಾಕಿಂಗ್ ವಿನ್ಯಾಸ ಮಾಡಿಕೊಡುವುದು ನನ್ನ ಕೆಲಸ. ಫೋನಿನಲ್ಲಿ ಅರ್ಧಂಬರ್ಧ ಹೇಳಿ ಮುಗಿಸುವುದಕ್ಕಿಂತ ಎಲ್ಲವನ್ನೂ ಒಂದೆಡೆ ಬರೆದಿಡುವುದು ಒಳ್ಳೆಯದು ಅನ್ನಿಸಿತು.

ಎರಡನ್ನೂ ಬೆರೆಸಿಯೇ ತುಂಬಿದರೆ ಏನಾಗುತ್ತದೆ?

ಮನೆಯಲ್ಲೇ ನೋಡಬಹುದು. ಮುರುಗಲು ರಸಕ್ಕೆ ಕಾಯಿಹಾಲು ಬೆರೆಸಿ, ಉಪ್ಪು ಹಾಕಿ, ಒಂದು ಗಾಜಿನ ಲೋಟದಲ್ಲಿ ಇಡಿ. ಮೊದಲು ನಸುಗೆಂಪು, ಕಣ್ಣಿಗೆ ಹಬ್ಬ. ಸ್ವಲ್ಪ ಹೊತ್ತಿಗೆ ಮೇಲೆ ಜಿಡ್ಡಿನ ಪದರ, ಕೆಳಗೆ ನೀರು, ನಡುವೆ ಸಣ್ಣ ಸಣ್ಣ ಗಂಟು. ಮುರುಗಲಿನ ಹುಳಿ ತಾಗಿದರೆ ಕಾಯಿಹಾಲಿನ ಪ್ರೋಟೀನು ಗಂಟು ಕಟ್ಟುತ್ತದೆ. ಕೊಬ್ಬನ್ನು ನೀರಿನಲ್ಲಿ ಹಿಡಿದಿಟ್ಟಿದ್ದೇ ಆ ಪ್ರೋಟೀನು, ಅದು ಕೈಬಿಟ್ಟಮೇಲೆ ಕೊಬ್ಬು ಮೇಲೇರುತ್ತದೆ. ಊಟದ ಎಲೆಯ ಪಕ್ಕ ಆಗಷ್ಟೇ ಬೆರೆಸಿ ಕೊಟ್ಟ ಸೋಲ್‌ಕಡಿಗೆ ಈ ತೊಂದರೆಯಿಲ್ಲ. ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂರುವುದಕ್ಕೆ ಇದೆ.

ಹಸುವಿನ ಹಾಲಿನದೂ ಇದೇ ಕಥೆ. ಹಾಲಿನ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 6.7. ಅದು 4.6ರ ಹತ್ತಿರಕ್ಕೆ ಇಳಿದರೆ ಹಾಲಿನ ಕೇಸೀನ್ ಎಂಬ ಪ್ರೋಟೀನು ಒಡೆದು ಕೂರುತ್ತದೆ. ಬಿಸಿಯಿದ್ದರೆ ಅಷ್ಟು ಇಳಿಯುವುದೂ ಬೇಡ, ಮೊದಲೇ ಒಡೆಯುತ್ತದೆ. ಬೆಳಗ್ಗೆಯ ಡಿಕಾಕ್ಷನ್ ಸಂಜೆಗೆ ಹುಳಿಯೇರಿರುವುದು, ಅದನ್ನು ಕುದಿಯುವ ಹಾಲಿಗೆ ಸುರಿದಾಗ ಹಾಲು ಒಡೆದದ್ದು ಯಾರ ಮನೆಯಲ್ಲೂ ಹೊಸದಲ್ಲ.

ಹೀಗಾಗಬಾರದೆಂದರೆ ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿಟ್ಟು ಬಳಸುವಾಗಷ್ಟೇ ಬೆರೆಸಬೇಕು. ಆಸ್ಪತ್ರೆಗಳಲ್ಲಿ ಈ ಉಪಾಯ ಬಹಳ ಹಿಂದಿನಿಂದ ಇದೆ. ಬಾಯಿಂದ ಉಣ್ಣಲಾಗದ ರೋಗಿಗೆ ರಕ್ತನಾಳದ ಮೂಲಕ ಕೊಡುವ ಪೋಷಕ ದ್ರವದ ಚೀಲ ನೋಡಿದ್ದೀರಾ? ಒಂದೇ ಚೀಲದಲ್ಲಿ ಗ್ಲೂಕೋಸಿಗೊಂದು ಕೋಣೆ, ಅಮೈನೋ ಆಮ್ಲಕ್ಕೊಂದು ಕೋಣೆ. ಎರಡನ್ನೂ ಬೆರೆಸಿ ಬಿಸಿಮಾಡಿದರೆ ಕಂದಾಗಿಬಿಡುತ್ತವೆ. ನರ್ಸು ಚೀಲವನ್ನು ಒತ್ತಿ ಸುರುಳಿ ಸುತ್ತುತ್ತಾರೆ, ನಡುವಿನ ಬೆಸುಗೆ ಬಿಡುತ್ತದೆ, ಆಗ ಎರಡೂ ಸೇರುತ್ತವೆ. ಮಕ್ಕಳಿಗೆ ಕೊಡುವ ಆಂಟಿಬಯೋಟಿಕ್ ಪುಡಿಯ ಬಾಟಲಿಗೆ ನೀರನ್ನು ಬೇರೆಯೇ ಕೊಡುವುದೂ ಅದಕ್ಕೇ. ಬೆರೆಸಿದ ಗಳಿಗೆಯಿಂದ ಅದರ ಆಯಸ್ಸು ದಿನಗಳ ಲೆಕ್ಕ.

ಹಾಗಾದರೆ ಎಲ್ಲದಕ್ಕೂ ಎರಡು ಕೋಣೆ ಬೇಕೇ?

ಬೇಡ. ನನ್ನನ್ನು ಕೇಳುವವರಲ್ಲಿ ಎಷ್ಟೋ ಜನರಿಗೆ "ನಿಮಗೆ ಇದು ಬೇಡ" ಎಂದೇ ಹೇಳಿದ್ದೇನೆ. ಜಪಾನಿನ ಯುಸಿಸಿ ಕಂಪನಿ 1969ರಲ್ಲೇ ಹಾಲು ಬೆರೆಸಿದ ಕಾಫಿಯನ್ನು ಡಬ್ಬಿಗೆ ತುಂಬಿ ಮಾರಿತು. ಹುಳಿಯನ್ನು ಹದಕ್ಕೆ ತಂದು, ಕೊಬ್ಬು ಬೇರೆಯಾಗದಂತೆ ನೋಡಿಕೊಂಡರೆ ಡಿಕಾಕ್ಷನ್ನೂ ಹಾಲೂ ಒಂದೇ ಡಬ್ಬಿಯಲ್ಲಿ ಬಾಳುತ್ತವೆ. ಆದರೆ ರುಚಿ ಬದಲಾಗುತ್ತದೆ. ಹಾಲಿನೊಂದಿಗೆ ಬೆಂದ ಡಿಕಾಕ್ಷನ್ನಿಗೆ ಒಂದು ಬೇಯಿಸಿದ ವಾಸನೆ ಬರುತ್ತದೆ, ನಮ್ಮ ಫಿಲ್ಟರ್ ಕಾಫಿಯ ಘಮ ಉಳಿಯುವುದಿಲ್ಲ. ಆ ಘಮಕ್ಕಾಗಿಯೇ ಗಿರಾಕಿ ದುಡ್ಡು ಕೊಡುತ್ತಾನೆಂದರೆ ಎರಡು ಕೋಣೆ ಮಾಡಿ. "ತಣ್ಣಗೆ ಸಿಹಿಯಾಗಿ ಕಾಫಿ ಬಣ್ಣದ್ದು ಏನಾದರೂ ಸಾಕು" ಎನ್ನುವ ಗಿರಾಕಿಗೆ ಬೇಕಿಲ್ಲ.

ನಾನು ಮೊದಲು ಕೇಳುವುದು ಇಷ್ಟೆ: ಬೆರೆಸಿಟ್ಟರೆ ಏನು ಕೆಡುತ್ತದೆ? ನೋಟವೋ, ರುಚಿಯೋ, ಬಣ್ಣವೋ, ಔಷಧಿ ಗುಣವೋ? ಅದಕ್ಕೆ ಒಂದು ವಾಕ್ಯದಲ್ಲಿ ಉತ್ತರ ಬರದಿದ್ದರೆ ಅಚ್ಚಿಗೆ ದುಡ್ಡು ಹಾಕಬೇಡಿ. ಅಂಗಡಿಯಲ್ಲಿ ಚೆಂದ ಕಾಣುತ್ತದೆ ಎನ್ನುವುದೊಂದೇ ಕಾರಣವಾದರೆ, ಮೊದಲ ಸಲ ಕುತೂಹಲಕ್ಕೆ ಕೊಂಡವನು ಎರಡನೇ ಸಲ ಬರುವುದಿಲ್ಲ.

ಯಾವ ಯಾವ ಬಗೆಯ ಪ್ಯಾಕುಗಳಿವೆ?

ನಾಲ್ಕು ದಾರಿ. ಮುಚ್ಚಳದಲ್ಲೇ ಸಣ್ಣ ಕೋಣೆ ಇರುವ ಬಾಟಲಿ: ಮೇಲಿನಿಂದ ಒತ್ತಿದರೆ ಅಥವಾ ತಿರುಗಿಸಿದರೆ ಒಳಗಿನ ಪರದೆ ಹರಿದು ಮೇಲಿನದು ಕೆಳಗೆ ಬೀಳುತ್ತದೆ. ಎರಡು ಹೊಟ್ಟೆಯ ಜೋಡಿ ಬಾಟಲಿ: ಎರಡು ಬಾಯಿಯಿಂದ ಒಟ್ಟಿಗೆ ಲೋಟಕ್ಕೆ ಸುರಿಯುತ್ತದೆ. ನಡುವೆ ಬೆಸುಗೆ ಹಾಕಿದ ಪೌಚು: ಅಂಗೈಯಲ್ಲಿ ಹಿಂಡಿದರೆ ಬೆಸುಗೆ ಬಿಡುತ್ತದೆ. ಕೊನೆಯದು ಎಲ್ಲಕ್ಕಿಂತ ಸರಳ: ಎರಡು ಬೇರೆ ಸಣ್ಣ ಬಾಟಲಿಗಳನ್ನು ಒಂದು ರಟ್ಟಿನ ತೋಳಿನಲ್ಲಿ ಸೇರಿಸುವುದು, ಇಲ್ಲವೇ ದೊಡ್ಡ ಬಾಟಲಿಯ ಕುತ್ತಿಗೆಗೆ ಒಂದು ಸಣ್ಣ ಸ್ಯಾಶೆ ನೇತುಹಾಕುವುದು. ಈ ಕೊನೆಯದನ್ನು ಕೇಳಿದಾಗ ಎಲ್ಲರೂ ಮುಖ ಸಪ್ಪೆ ಮಾಡಿಕೊಳ್ಳುತ್ತಾರೆ. ನಾನು ಮಾತ್ರ ಎಲ್ಲರನ್ನೂ ಅಲ್ಲಿಂದಲೇ ಶುರು ಮಾಡಿಸುತ್ತೇನೆ, ಕಾರಣ ಖರ್ಚಿನ ಪ್ರಶ್ನೆಯಲ್ಲಿದೆ.

ಮುಚ್ಚಳದ ಕೋಣೆಯಲ್ಲಿ ಎಷ್ಟು ಹಿಡಿಸಬಹುದು?

ಸಾಮಾನ್ಯ ನೀರಿನ ಬಾಟಲಿಯ ಕುತ್ತಿಗೆಯೊಳಗೆ ಇಳಿಯುವ ಕೋಣೆಗೆ ಕೆಲವೇ ಮಿಲಿಲೀಟರು. ಕುತ್ತಿಗೆ ಅಗಲವಾದರೆ 20 ಮಿ.ಲೀ.ವರೆಗೂ ಹೋಗಬಹುದು. ಹಾಗಾಗಿ ಮುಚ್ಚಳದಲ್ಲಿ ಇಡುವುದು ಗಟ್ಟಿ ದ್ರವವೇ ಆಗಬೇಕು, ಮುರುಗಲಿನ ಸಿರಪ್ಪು ಮುಚ್ಚಳಕ್ಕೆ, ಕಾಯಿಹಾಲು ಬಾಟಲಿಗೆ. ತಿರುವುಮುರುವು ಮಾಡಲು ಬರುವುದಿಲ್ಲ.

ಎಲ್ಲರೂ ಮರೆಯುವುದು ಬಾಟಲಿಯೊಳಗಿನ ಖಾಲಿ ಜಾಗವನ್ನು. ಅಂಚಿನವರೆಗೆ 230 ಮಿ.ಲೀ. ಹಿಡಿಯುವ ಬಾಟಲಿಗೆ 180 ಮಿ.ಲೀ. ತುಂಬಿ, ಮುಚ್ಚಳದಿಂದ 20 ಬಿದ್ದರೆ 200 ಆಯಿತು. ಉಳಿದ 30 ಮಿ.ಲೀ. ಕುಲುಕಲು ಬೇಕು. ಆ ಜಾಗ ಇಲ್ಲದಿದ್ದರೆ ಸಿರಪ್ಪು ನೇರ ತಳಕ್ಕೆ ಹೋಗಿ ಕೂರುತ್ತದೆ, ಎಷ್ಟು ಅಲ್ಲಾಡಿಸಿದರೂ ಏಳುವುದಿಲ್ಲ. ಸಕ್ಕರೆ ಪಾಕ ನೀರಿಗಿಂತ ಭಾರ. ಆದರೆ ಖಾಲಿ ಜಾಗವೆಂದರೆ ಗಾಳಿ, ಗಾಳಿಯೆಂದರೆ ಆಮ್ಲಜನಕ, ಅದು ಬಣ್ಣವನ್ನೂ ಘಮವನ್ನೂ ತಿನ್ನುತ್ತದೆ. ಅದಕ್ಕೇ ತುಂಬುವಾಗ ಅಲ್ಲಿಗೆ ನೈಟ್ರೋಜನ್ ಊದುತ್ತಾರೆ.

ಇನ್ನೊಂದು, ಗಟ್ಟಿ ಸಿರಪ್ಪು ಕೋಣೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಖಾಲಿ ಮುಚ್ಚಳ, ತುಂಬಿದ ಮುಚ್ಚಳ, ಒತ್ತಿ ಸುರಿದ ಮೇಲಿನ ಮುಚ್ಚಳ, ಮೂರನ್ನೂ ತೂಗಿ ನೋಡಿ. ಎಷ್ಟು ಒಳಗೇ ಉಳಿಯಿತೆಂದು ಗೊತ್ತಾಗುತ್ತದೆ. ಹೆಚ್ಚು ಉಳಿದರೆ ಸಿರಪ್ಪನ್ನು ತುಸು ತೆಳ್ಳಗೆ ಮಾಡಿ, ಕೋಣೆಯ ಒಳಮೂಲೆಗಳನ್ನು ದುಂಡಗೆ ಮಾಡಿಸಿ.

ಜೋಡಿ ಬಾಟಲಿಯಿಂದ ಎರಡೂ ಸರಿಯಾದ ಪ್ರಮಾಣದಲ್ಲಿ ಬರುತ್ತವೆಯೇ?

ತಾನಾಗಿಯೇ ಬರುವುದಿಲ್ಲ, ಬರಿಸಬೇಕು. ಈ ಬಗೆಯಲ್ಲಿ ಹೆಸರಾದದ್ದು ಡಬ್ಲಿನ್‌ನ ಶೆರಿಡನ್ಸ್ ಲಿಕ್ಯೂರ್. 1994ರಲ್ಲಿ ಮಾರುಕಟ್ಟೆಗೆ ಬಂತು. ಒಂದು ಹೊಟ್ಟೆಯಲ್ಲಿ ಕಪ್ಪು ಕಾಫಿಯ ಮದ್ಯ, ಇನ್ನೊಂದರಲ್ಲಿ ಬಿಳಿ ವೆನಿಲಾ ಕ್ರೀಮು. ಸುರಿದರೆ ಕಪ್ಪಿನ ಮೇಲೆ ಬಿಳಿ ತೇಲುತ್ತದೆ. ನೋಡಲು ಸುಲಭ. ಅದರ ಬಾಯಿಯ ಲೆಕ್ಕ ಸುಲಭವಲ್ಲ.

ಮಂದ ದ್ರವ ಕೊಳವೆಯಂಥ ಕಿರಿದಾದ ದಾರಿಯಲ್ಲಿ ನಿಧಾನವಾಗಿ ಹರಿಯುವಾಗ, ಹರಿವು ತೂತಿನ ಅಗಲದ ನಾಲ್ಕನೇ ಘಾತಕ್ಕೆ ಏರುತ್ತದೆ. 3 ಮಿ.ಮೀ. ಇದ್ದದ್ದು 3.6 ಮಿ.ಮೀ. ಆದರೆ ಹರಿವು ಎರಡು ಪಟ್ಟು. ಅಂದರೆ ಅಚ್ಚಿನಲ್ಲಿ ಕಣ್ಣಿಗೆ ಕಾಣದಷ್ಟು ತಪ್ಪಾದರೂ ಗಿರಾಕಿಯ ಲೋಟದಲ್ಲಿ ಹುಳಿ ಜಾಸ್ತಿ. ಸಾಲದ್ದಕ್ಕೆ ಫ್ರಿಜ್ಜಿನಿಂದ ತೆಗೆದ ಸಿರಪ್ಪು ಹೊರಗಿಟ್ಟ ಸಿರಪ್ಪಿಗಿಂತ ಮಂದ, ಅದೇ ಬಾಟಲಿ ಬೆಳಗ್ಗೆ ಒಂದು ರುಚಿ, ಮಧ್ಯಾಹ್ನ ಇನ್ನೊಂದು. ಆದ್ದರಿಂದ ಜೋಡಿ ಬಾಟಲಿ ಮಾಡುವವರು ಎರಡೂ ದ್ರವಗಳ ಮಂದತನವನ್ನು ಹತ್ತಿರ ತರಬೇಕು. ಎರಡು ಹೊಟ್ಟೆಗೂ ಗಾಳಿ ಒಳಹೋಗಲು ಬೇರೆ ಬೇರೆ ದಾರಿ ಇರಬೇಕು, ಇಲ್ಲದಿದ್ದರೆ ಒಂದು ಕಡೆ ಗುಳುಗುಳು ಎಂದು ನಿಂತು ನಿಂತು ಬರುತ್ತದೆ.

ಪೌಚಿನ ನಡುಬೆಸುಗೆ ಲಾರಿಯಲ್ಲೇ ಬಿಟ್ಟುಬಿಟ್ಟರೆ?

ಇದೇ ಪೌಚಿನ ದೊಡ್ಡ ಕಷ್ಟ. ಅಂಚಿನ ಬೆಸುಗೆ ಏನು ಮಾಡಿದರೂ ಬಿಡಬಾರದು, ನಡುವಿನದು ಅಂಗೈ ಒತ್ತಿಗೆ ಬಿಡಬೇಕು. ನಡುವಿನದನ್ನು ಕಡಿಮೆ ಕಾವಿನಲ್ಲಿ ಹಾಕುತ್ತಾರೆ. ಆ ಎರಡು ಕಾವಿನ ನಡುವೆ ಸಾಕಷ್ಟು ಅಂತರ ಕೊಡುವ ಫಿಲ್ಮು ಸಿಗಬೇಕು, ಯಂತ್ರದ ಕಾವು ಏರುಪೇರಾಗಬಾರದು. ಇದಾದ ಮೇಲೂ ರಟ್ಟಿನ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿದಾಗ ಕೆಳಗಿನ ಪೌಚಿನ ಮೇಲೆ ಬೀಳುವ ಭಾರ ಅಂಗೈ ಒತ್ತಿಗಿಂತ ಕಡಿಮೆಯೇನಲ್ಲ.

ಎರಡು ಉಪಾಯ ಕೆಲಸ ಮಾಡುತ್ತವೆ. ಪೌಚನ್ನು ಸರಿಯಾಗಿ ನಡುಬೆಸುಗೆಯ ಮೇಲೆಯೇ ಮಡಚಿ ಇಡುವುದು. ಮಡಿಕೆ ಇರುವವರೆಗೆ ಒತ್ತಡ ಬೆಸುಗೆಗೆ ತಲುಪುವುದಿಲ್ಲ. ಆಸ್ಪತ್ರೆಯ ಚೀಲಗಳನ್ನೂ ಹೀಗೆ ಮಡಚಿಡುವುದುಂಟು. ಇನ್ನೊಂದು, ಭಾರವನ್ನು ಪೆಟ್ಟಿಗೆ ಹೊರಬೇಕು, ಪೌಚು ಹೊರಬಾರದು. ಪೌಚು ನಿಂತಾಗ ಮೇಲೆ ಒಂದಿಂಚು ಬಿಡುವಿರುವಷ್ಟು ಎತ್ತರದ ಗಟ್ಟಿ ಪೆಟ್ಟಿಗೆ ಮಾಡಿಸಿ. ಪೆಟ್ಟಿಗೆಯಲ್ಲಿ ಉಳಿಸಿದ ದುಡ್ಡು ಸೋರಿದ ಮಾಲಿನಲ್ಲಿ ಹೋಗುತ್ತದೆ.

ಸಿರಪ್ಪು ಮೇಲೆ, ಸೋಡಾ ಕೆಳಗೆ, ಒತ್ತಿದ ಕೂಡಲೇ ಲಿಂಬು ಸೋಡಾ. ಆಗುತ್ತದಾ?

ಬಹಳ ಜನರ ಕನಸು ಇದು. ನಾನು ಬೇಡವೆನ್ನುತ್ತೇನೆ. ಗಟ್ಟಿಯಾಗಿ ಗ್ಯಾಸು ತುಂಬಿದ ಸೋಡಾ ಬಾಟಲಿಯೊಳಗೆ ನಮ್ಮ ಬೇಸಿಗೆಯ ಬಿಸಿಗೆ ಕಾರಿನ ಟಯರಿಗಿಂತ ಹೆಚ್ಚು ಒತ್ತಡ ಇರುತ್ತದೆ. ಮುಚ್ಚಳದ ತೆಳು ಪರದೆ ಆ ಒತ್ತಡವನ್ನು ತಿಂಗಳುಗಟ್ಟಲೆ ತಡೆಯಬೇಕು, ಮತ್ತೆ ಬೆರಳಿನ ಒತ್ತಿಗೆ ಹರಿಯಲೂ ಬೇಕು. ಹರಿದರೂ ಸಿರಪ್ಪು ಸೋಡಾಕ್ಕೆ ಬಿದ್ದ ತಕ್ಷಣ ನೊರೆಯುಕ್ಕಿ ಮೈಮೇಲೆ ಬರುತ್ತದೆ. ಸೋಡಾ ಅಂಗಡಿಯವರನ್ನು ನೋಡಿ, ಮೊದಲು ಲೋಟಕ್ಕೆ ಲಿಂಬೆ, ಸಿರಪ್ಪು, ಉಪ್ಪು, ಆಮೇಲೆ ಓರೆ ಹಿಡಿದು ಸೋಡಾ. ಅನುಭವದಿಂದ ಬಂದ ಕ್ರಮ ಅದು. 1872ರಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಪೇಟೆಂಟ್ ಪಡೆದ ಗೋಲಿ ಸೋಡಾ ಬಾಟಲಿಯ ಜಾಣತನವೂ ಒತ್ತಡದ ಜೊತೆ ಜಗಳ ಆಡದಿರುವುದರಲ್ಲೇ ಇದೆ. ಒಳಗಿನ ಗ್ಯಾಸೇ ಗೋಲಿಯನ್ನು ರಬ್ಬರು ಬಳೆಗೆ ಒತ್ತಿ ಹಿಡಿದು ಬಾಯಿ ಮುಚ್ಚುತ್ತದೆ. ಲಿಂಬು ಸೋಡಾ ಮಾಡಲೇಬೇಕೆಂದರೆ ಸಿರಪ್ಪಿನ ಸ್ಯಾಶೆ ಬೇರೆ ಕೊಡಿ, "ಮೊದಲು ಲೋಟಕ್ಕೆ ಇದು" ಎಂದು ದೊಡ್ಡದಾಗಿ ಬರೆಯಿರಿ.

ಬೆರೆಸಿದ ಮೇಲೆ ಹುಳಿಯೇ ಅಲ್ಲವೇ? ಕಾಯಿಹಾಲನ್ನು ಕುದಿಸಿ ತುಂಬಿದರೆ ಸಾಲದೇ?

ಸಾಲದು. ಈ ಉತ್ತರವನ್ನು ದಯವಿಟ್ಟು ನಿಧಾನವಾಗಿ ಓದಿ, ಇಲ್ಲಿ ತಪ್ಪಿದರೆ ರುಚಿ ಕೆಡುವುದಲ್ಲ, ಜೀವಕ್ಕೆ ಅಪಾಯ.

ಪಿಎಚ್ 4.6ಕ್ಕಿಂತ ಕೆಳಗಿರುವ ಹುಳಿ ಪಾನೀಯದಲ್ಲಿ ಬಾಟುಲಿಸಮ್ ಎಂಬ ಮಾರಕ ಆಹಾರವಿಷ ತರುವ ಬ್ಯಾಕ್ಟೀರಿಯಾದ ಬೀಜಾಣು ಮೊಳೆಯುವುದಿಲ್ಲ. ಮುರುಗಲು ರಸ ಅದಕ್ಕಿಂತ ಬಹಳ ಹುಳಿ. ಹಾಗಾಗಿ ಅದನ್ನು 85 ಡಿಗ್ರಿ ಸೆಲ್ಸಿಯಸ್‌ಗೆ ಮೇಲ್ಪಟ್ಟು ಬಿಸಿಮಾಡಿ, ಬಿಸಿಯಿರುವಾಗಲೇ ತುಂಬಿ ಮುಚ್ಚಿದರೆ ನಡೆಯುತ್ತದೆ. ಕಾಯಿಹಾಲು, ಹಸುವಿನ ಹಾಲು, ಡಿಕಾಕ್ಷನ್ 4.6ಕ್ಕಿಂತ ಮೇಲಿನವು. ಆ ಬೀಜಾಣು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಗಾಳಿಯಾಡದ ಬಾಟಲಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ಫ್ರಿಜ್ಜಿನ ಹೊರಗೆ ಇಟ್ಟು ಮಾರುವ ಕಾಯಿಹಾಲಿಗೆ ಒತ್ತಡದಲ್ಲಿ 121 ಡಿಗ್ರಿಗೆ ಕಾಯಿಸುವ ರಿಟಾರ್ಟ್ ಯಂತ್ರ ಬೇಕು, ಇಲ್ಲವೇ ಕೆಲವೇ ಸೆಕೆಂಡು ಅತಿ ಹೆಚ್ಚು ಕಾವು ಕೊಡುವ ಯುಎಚ್‌ಟಿ ಮಾಡಿ ಕ್ರಿಮಿರಹಿತ ಪ್ಯಾಕಿಗೆ ತುಂಬಬೇಕು.

"ಕುಡಿಯುವಾಗ ಹುಳಿಯಾಗುತ್ತದಲ್ಲ" ಎನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ. ಬೀಜಾಣು ಮೊಳೆತು ವಿಷ ಬಿಡುವುದು ಬೆರೆಸುವ ಮೊದಲು ಪ್ಯಾಕು ಕಪಾಟಿನಲ್ಲಿ ಕೂತ ತಿಂಗಳುಗಳಲ್ಲಿ. ಬೆರೆಸಿದ ಮೇಲಿನ ಹುಳಿ ಆಗಲೇ ಆದ ವಿಷವನ್ನು ತೆಗೆಯುವುದಿಲ್ಲ. ಎರಡು ಕೋಣೆಯ ಪ್ಯಾಕೆಂದರೆ ಎರಡು ಬೇರೆ ಆಹಾರ, ಪ್ರತಿಯೊಂದನ್ನೂ ಅದೊಂದೇ ಇದೆ ಎಂಬಂತೆ ಕಾಪಾಡಬೇಕು. ಇಷ್ಟಕ್ಕೆಲ್ಲ ಯಂತ್ರವಿಲ್ಲದವರು ಪಾಶ್ಚರೀಕರಿಸಿ, ತಣ್ಣಗಿಟ್ಟು, ಕೆಲವೇ ದಿನದ ಅವಧಿಗೆ ಊರಿನಲ್ಲೇ ಮಾರಿ. ಅದರಲ್ಲೇನೂ ಸಣ್ಣತನವಿಲ್ಲ.

ಯಾವ ಪ್ಲಾಸ್ಟಿಕ್ಕು?

ಸಾಮಾನ್ಯ ಪೆಟ್ ಬಾಟಲಿ 70 ಡಿಗ್ರಿ ದಾಟಿದರೆ ಮೆತ್ತಗಾಗಿ ಸೊಟ್ಟಗಾಗುತ್ತದೆ. ಬಿಸಿ ತುಂಬುವವರು ಅದಕ್ಕೆಂದೇ ಕಾವುಕೊಟ್ಟು ಗಟ್ಟಿ ಮಾಡಿದ ಪೆಟ್ ಕೇಳಬೇಕು. ಪಾಲಿಪ್ರೊಪಿಲೀನ್ ರಿಟಾರ್ಟಿನ ಕಾವನ್ನೂ ತಡೆಯುತ್ತದೆ, ಆದರೆ ಆಮ್ಲಜನಕವನ್ನು ಒಳಗೆ ಬಿಡುತ್ತದೆ. ಅದಕ್ಕೆ ನಡುವೆ ಆಮ್ಲಜನಕ ತಡೆಯುವ ಇವಿಒಎಚ್ ಎಂಬ ಪ್ಲಾಸ್ಟಿಕ್ಕಿನ ಪದರ ಸೇರಿಸುತ್ತಾರೆ. ಫಾಯಿಲಿನಷ್ಟು ಬಿಗಿ ಯಾವುದೂ ಇಲ್ಲ, ಆದರೆ ಮುರುಗಲಿಗೆ ಎಚ್ಚರ. ಮುರುಗಲು ಸಾರನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಡಬೇಡ ಎಂದು ಅಮ್ಮಂದಿರು ಹೇಳುವುದು ಸುಮ್ಮನೆ ಅಲ್ಲ. ಹುಳಿಯೂ ಉಪ್ಪೂ ಸೇರಿದರೆ ಫಾಯಿಲನ್ನು ತಿನ್ನುತ್ತವೆ. ದ್ರವಕ್ಕೂ ಫಾಯಿಲಿಗೂ ನಡುವೆ ಪ್ಲಾಸ್ಟಿಕ್ ಪದರ ಇರಲೇಬೇಕು, ಮಡಚಿದ ಮೂಲೆಯಲ್ಲೂ ಅದು ಬಿರಿದಿರಬಾರದು.

ಮಾರುವವನು "ಫುಡ್ ಗ್ರೇಡ್" ಎಂದರೆ ಸಾಲದು. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಯ 2018ರ ಪ್ಯಾಕೇಜಿಂಗ್ ನಿಯಮದ ಪ್ರಕಾರ ಪ್ಲಾಸ್ಟಿಕ್ಕಿನಿಂದ ಆಹಾರಕ್ಕೆ ಇಳಿಯುವ ಒಟ್ಟು ಅಂಶ ಕಿಲೋಗೆ 60 ಮಿಲಿಗ್ರಾಂ ದಾಟಬಾರದು. ಪರೀಕ್ಷಾ ವರದಿ ಕೇಳಿ. ಬಾಟಲಿಯದ್ದು ಮಾತ್ರವಲ್ಲ, ಮುಚ್ಚಳದ ಒಳಕೋಣೆಯದ್ದೂ.

ಬಣ್ಣ ಕಾಣುವಂತೆ ಪಾರದರ್ಶಕ ಇಟ್ಟರೆ ಮಾರಾಟ ಜಾಸ್ತಿಯಲ್ಲವೇ?

ಮುರುಗಲಿನ ಕೆಂಪನ್ನು ಮುಚ್ಚಿಡಲು ನನಗೂ ಮನಸ್ಸು ಬರುವುದಿಲ್ಲ. ಆದರೆ ಆ ಕೆಂಪು ಆಂಥೋಸಯನಿನ್ ಎಂಬ ಸಹಜ ಬಣ್ಣ, ಬೆಳಕಿಗೂ ಕಾವಿಗೂ ಮಾಸಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಹಾಲಿಗೆ ಬೆಳಕು ತಾಗಿದರೆ ವಾಸನೆ ಕೆಡುತ್ತದೆ. ನಾನು ಮಾಡುವುದು ಹೀಗೆ: ಹಾಲಿನ ಕಡೆ ಪೂರ್ತಿ ಮುಚ್ಚು, ಮುರುಗಲಿನ ಕಡೆ ಬೆರಳಗಲದ ಉದ್ದ ಕಿಂಡಿ. ಕಪಾಟಿನಲ್ಲಿ ಕಿಂಡಿಯಷ್ಟೇ ಕಣ್ಣು ಸೆಳೆಯುತ್ತದೆ. ಸಂರಕ್ಷಕದ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಮುರುಗಲಿಗೆ ಕೆಎಂಎಸ್ (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್) ಹಾಕಬೇಡಿ, ಅದು ಕೆಂಪನ್ನು ಬಿಳಿಚಿಸುತ್ತದೆ. ಬೇಕಾದರೆ ನಿಯಮದ ಮಿತಿಯೊಳಗೆ ಸೋಡಿಯಂ ಬೆಂಜೋಯೇಟ್.

ಕರಾವಳಿಯಲ್ಲಿ ತುಂಬಿದ ಮುಚ್ಚಳ ಘಟ್ಟ ಹತ್ತಿ ಬಂದಮೇಲೆ ಉಬ್ಬಿತ್ತು. ಹುಳಿ ಬಂದಿದೆಯೇ?

ಇರಬಹುದು, ಇಲ್ಲದಿರಲೂಬಹುದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರು ಮೇಲಿದೆ, ಅಲ್ಲಿ ಹೊರಗಿನ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತನೇ ಒಂದು ಪಾಲಿನಷ್ಟು ಕಡಿಮೆ. ಕೋಣೆಯೊಳಗೆ ಸಿಕ್ಕಿಬಿದ್ದ ಗಾಳಿ ಹಿಗ್ಗಿ ತೆಳು ಪರದೆಯನ್ನು ಒತ್ತುತ್ತದೆ. ಉಬ್ಬಿದ ಒಂದು ಪ್ಯಾಕನ್ನು ಕರಾವಳಿಗೆ ವಾಪಸು ತಂದು ನೋಡಿ. ಇಳಿದರೆ ಎತ್ತರದ ಕೆಲಸ. ಉಬ್ಬು ಹಾಗೇ ಇದ್ದರೆ ಒಳಗೆ ಯೀಸ್ಟು ಬೆಳೆದಿದೆ, ಇಡೀ ಬ್ಯಾಚು ಮಾರಬೇಡಿ. ಪರಿಹಾರ: ಮುಚ್ಚಳದ ಕೋಣೆಯಲ್ಲಿ ಗಾಳಿ ಆದಷ್ಟು ಕಡಿಮೆ ಇರುವಂತೆ ತುಂಬುವುದು.

ಬಳಸುವ ರೀತಿ ಲೇಬಲ್ಲಿನಲ್ಲಿ ಬರೆದಿದ್ದೇವೆ. ಆದರೂ ಜನ ತಪ್ಪು ಮಾಡುತ್ತಾರಲ್ಲ?

ಮಾಡುತ್ತಾರೆ, ಅದು ಅವರ ತಪ್ಪಲ್ಲ. ಶಿರಸಿ ಹತ್ತಿರದ ಒಂದು ಮನೆಯ ಜಗಲಿಯಲ್ಲಿ ಇದನ್ನು ನಾನು ಕಣ್ಣಾರೆ ಕಂಡೆ. ಮುಚ್ಚಳ ಒತ್ತುವ ಬಾಟಲಿಯ ಮೊದಲ ಮಾದರಿ, ಎರಡು ತಿಂಗಳ ಕೆಲಸ. ಆ ಮನೆಯ ಅಜ್ಜಿಯ ಕೈಗೆ ಕೊಟ್ಟು ಸುಮ್ಮನೆ ಕೂತೆ. ಅವರು ಬಾಟಲಿಯನ್ನು ತಿರುಗಿಸಿ ನೋಡಿದರು. ಸೆರಗಿನ ತುದಿಯಿಂದ ಮುಚ್ಚಳದ ತೇವ ಒರೆಸಿದರು. ಎಲ್ಲ ಬಾಟಲಿಗೂ ಮಾಡುವಂತೆ ತಿರುಗಿಸಿ ತೆಗೆದು ಪಕ್ಕಕ್ಕಿಟ್ಟು, ಲೋಟಕ್ಕೆ ಬಗ್ಗಿಸಿ ಒಂದು ಗುಟುಕು ಕುಡಿದರು. "ಸಪ್ಪೆ ಇದ್ದು ತಂಗಿ, ಕೆಂಪಿಂದು ಎಲ್ಲಿದ್ದು?" ಕೆಂಪಿನದು ಪಕ್ಕಕ್ಕಿಟ್ಟ ಮುಚ್ಚಳದೊಳಗೇ ಇತ್ತು. "ಒತ್ತಿ" ಎಂದು ಮುಚ್ಚಳದ ಮೇಲೆ ಬರೆದಿತ್ತು. ಅವರು ಕನ್ನಡಕ ಹಾಕಿರಲಿಲ್ಲ, ಹಾಕಿದ್ದರೂ ಮುಚ್ಚಳದ ಮೇಲೆ ಯಾರು ಓದುತ್ತಾರೆ?

ಅಂದಿನಿಂದ ನನ್ನದು ಒಂದು ಹಟ: ಸಿರಪ್ಪು ಬೀಳದೆ ಮುಚ್ಚಳ ತೆರೆಯಲೇಬಾರದು. ತಿರುಗಿಸುವ ಚಲನೆಯೇ ಮೊದಲ ಅರ್ಧ ಸುತ್ತಿನಲ್ಲಿ ಪರದೆ ಹರಿಯಬೇಕು, ಮುಂದಿನ ಸುತ್ತಿನಲ್ಲಿ ಮುಚ್ಚಳ ಬಿಚ್ಚಬೇಕು. ಗಿರಾಕಿಗೆ ಗೊತ್ತಿರುವ ಕೆಲಸದೊಳಗೇ ಹೊಸ ಕೆಲಸ ಅಡಗಿರಬೇಕು. ಅಷ್ಟು ದುಡ್ಡಿಲ್ಲದಿದ್ದರೆ ಕನಿಷ್ಠ ಮುಚ್ಚಳವನ್ನೂ ಬಾಟಲಿಯನ್ನೂ ಸೇರಿಸಿ ಒಂದು ಕಾಗದದ ಪಟ್ಟಿ ಅಂಟಿಸಿ, ಅದನ್ನು ಹರಿಯುವ ಕಡೆ ಒತ್ತುವ ಬೆರಳಿನ ಚಿತ್ರ ಬರಲಿ.

ಐದು ಜನರಿಗೆ ಕೊಟ್ಟು ನೋಡಿ. ಒಬ್ಬರು ಅಜ್ಜಿ, ಒಬ್ಬ ಶಾಲೆಯ ಹುಡುಗ, ಒಬ್ಬರು ಬೈಕು ನಿಲ್ಲಿಸಿ ಒಂದೇ ಕೈಯಲ್ಲಿ ತೆರೆಯುವವರು. ಒಂದು ಮಾತನ್ನೂ ಹೇಳಿಕೊಡಬೇಡಿ. ಹೇಳಿಕೊಡಲು ನೀವು ಅಂಗಡಿಯಲ್ಲಿ ಇರುವುದಿಲ್ಲ.

ಲೇಬಲ್ಲಿನಲ್ಲಿ ಏನೇನು ಇರಬೇಕು?

2020ರ ಎಫ್‌ಎಸ್‌ಎಸ್‌ಎಐ ಲೇಬಲ್ ನಿಯಮ ಎಲ್ಲ ಪಾನೀಯಕ್ಕೂ ಒಂದೇ: 14 ಅಂಕಿಯ ಲೈಸೆನ್ಸ್ ಸಂಖ್ಯೆ, ಹೆಚ್ಚಿನಿಂದ ಕಡಿಮೆಗೆ ಇಳಿಯುವ ಕ್ರಮದಲ್ಲಿ ಪದಾರ್ಥಗಳು, ಪೋಷಕಾಂಶ, ಚೌಕದೊಳಗಿನ ಹಸಿರು ಚುಕ್ಕೆ, ಹಾಲಿದ್ದರೆ ಅಲರ್ಜಿಯ ಸೂಚನೆ. ತೂಕ–ಅಳತೆ ಕಾನೂನಿನ ಪ್ರಕಾರ ಪ್ರಮಾಣ, ಎಂಆರ್‌ಪಿ, ಗಿರಾಕಿ ದೂರು ಕೊಡಲು ವಿಳಾಸ. ಎರಡು ದ್ರವ ಇದ್ದಾಗ ನಾನು ಪ್ರತಿಯೊಂದರ ಪದಾರ್ಥವನ್ನೂ ಪ್ರಮಾಣವನ್ನೂ ಬೇರೆ ಬರೆಸಿ, ಒಟ್ಟನ್ನು ದೊಡ್ಡದಾಗಿ ಹಾಕಿಸುತ್ತೇನೆ. ಎರಡರ ಅವಧಿ ಬೇರೆಯಾದರೆ ಯಾವುದು ಮೊದಲು ಮುಗಿಯುತ್ತದೋ ಅದೇ ಇಡೀ ಪ್ಯಾಕಿನ ಅವಧಿ.

ನಿಯಮದಂತೆ ವಿವರ ಇಂಗ್ಲಿಷ್ ಅಥವಾ ಹಿಂದಿಯಲ್ಲಿರಬೇಕು, ಜೊತೆಗೆ ಬೇರೆ ಭಾಷೆ ಬಳಸಲು ಅಡ್ಡಿಯಿಲ್ಲ. ಆ ಅವಕಾಶವನ್ನು ದಯವಿಟ್ಟು ಬಿಡಬೇಡಿ. "ಒತ್ತಿ, ಹತ್ತು ಸಲ ಕುಲುಕಿ, ತಕ್ಷಣ ಕುಡಿಯಿರಿ" ಎನ್ನುವ ಮೂರು ಮಾತು ಕನ್ನಡದಲ್ಲಿ, ಕೈ ಹಿಡಿಯುವ ಜಾಗದಲ್ಲೇ ಇರಲಿ.

ಬೆರೆಸಿದ ಮೇಲೆ ಎಷ್ಟು ಹೊತ್ತು ಇಡಬಹುದು?

ನಿಮ್ಮ ಪಾನೀಯವನ್ನು ಬೆರೆಸಿ ಗಡಿಯಾರ ಇಟ್ಟುಕೊಂಡು ನೋಡಿ. ಎಷ್ಟು ನಿಮಿಷಕ್ಕೆ ಮೊದಲ ಗಂಟು ಕಂಡಿತೋ ಅದರ ಅರ್ಧವನ್ನು ಲೇಬಲ್ಲಿನಲ್ಲಿ ಬರೆಯಿರಿ. ಪ್ಯಾಕನ್ನೂ ಒಂದೇ ಸಲಕ್ಕೆ ಕುಡಿದು ಮುಗಿಸುವಷ್ಟೇ ಮಾಡಿ. ಒಂದು ಲೀಟರಿನ ಎರಡು ಕೋಣೆ ಪ್ಯಾಕು ಮಾಡಿದರೆ ಅರ್ಧ ಕುಡಿದು ಉಳಿದದ್ದನ್ನು ಜನ ಫ್ರಿಜ್ಜಿಗೆ ಇಟ್ಟೇ ಇಡುತ್ತಾರೆ.

ನಡುಗೋಡೆ ಸೋರುತ್ತಿದೆಯೋ ಎಂದು ಮನೆಯಲ್ಲೇ ಪರೀಕ್ಷಿಸುವುದು ಹೇಗೆ?

ಹೊರಗೆ ಸೋರಿದರೆ ಕಾಣುತ್ತದೆ, ಒಳಗೊಳಗೇ ಸೋರಿದರೆ ಕಾಣುವುದಿಲ್ಲ. ಒಂದು ಕೋಣೆಗೆ ನೀಲಿ ಆಹಾರಬಣ್ಣದ ನೀರು, ಇನ್ನೊಂದಕ್ಕೆ ಬರೀ ನೀರು ತುಂಬಿ. ಕೆಲವನ್ನು ತಲೆಕೆಳಗಾಗಿ, ಕೆಲವನ್ನು ಮಲಗಿಸಿ, ಕೆಲವನ್ನು ನೆಟ್ಟಗೆ ಒಂದು ವಾರ ಬಿಸಿಲಿನ ಕೋಣೆಯಲ್ಲಿಡಿ. ನಂತರ ಬಿಳಿ ಬಸಿಗೆ ಬಗ್ಗಿಸಿ ನೋಡಿ. ಎಳೆಯಷ್ಟು ನೀಲಿ ಕಂಡರೂ ಸೋರುತ್ತಿದೆ. ಆಮೇಲೆ ಒಂದು ಪೆಟ್ಟಿಗೆ ತುಂಬಿ, ಕೆಎಸ್‌ಆರ್‌ಟಿಸಿ ಪಾರ್ಸೆಲ್‌ನಲ್ಲಿ ಘಟ್ಟದ ದಾರಿಯಾಗಿ ಕಳಿಸಿ, ಮರಳಿ ತರಿಸಿ. ಲ್ಯಾಬಿನ ನಡುಕದ ಯಂತ್ರ ಸಿಗದವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಒತ್ತುವ ಪರದೆ ಹರಿದಾಗ ಪ್ಲಾಸ್ಟಿಕ್ ಚೂರು ಬೀಳುತ್ತದೆಯೇ ಎಂದೂ ನೋಡಿ, ನೂರು ಮುಚ್ಚಳ ಒತ್ತಿ, ನೀರನ್ನು ತೆಳು ಬಟ್ಟೆಯಲ್ಲಿ ಸೋಸಿ. ಒಂದು ಚೂರು ಸಿಕ್ಕರೂ ವಿನ್ಯಾಸ ಬದಲಿಸಿ.

ಲೇಬಲ್ಲಿನ ಚಿತ್ರಕಾರನಿಗೆ ಕೊಡುವ ಮುಂಗಡಕ್ಕೂ ಮೊದಲು ಇದಾಗಬೇಕು. ನೀವು ಮಾರುತ್ತಿರುವುದು ಆ ನಡುಗೋಡೆಯನ್ನು. ಮುರುಗಲೂ ಕಾಯಿಹಾಲೂ ಎಲ್ಲರ ಮನೆಯಲ್ಲೂ ಇವೆ.

ಕುಡಿದಾದ ಮೇಲೆ ಪ್ಯಾಕಿನ ಗತಿ?

ಗುಜರಿಯವರು ಪೆಟ್ ಬಾಟಲಿಯನ್ನು ಕೊಳ್ಳುತ್ತಾರೆ. ಕಾರ್ಖಾನೆಯಲ್ಲಿ ಚೂರು ಮಾಡಿ ನೀರಿಗೆ ಹಾಕಿದರೆ ಪೆಟ್ ಮುಳುಗುತ್ತದೆ, ಪಾಲಿಪ್ರೊಪಿಲೀನ್ ಮುಚ್ಚಳ ತೇಲುತ್ತದೆ, ಬೇರ್ಪಡಿಸುವುದು ಸುಲಭ. ಮುಚ್ಚಳದೊಳಗೆ ಲೋಹದ ಸ್ಪ್ರಿಂಗು, ಫಾಯಿಲು, ಪಿವಿಸಿ ತೋಳು ಸೇರಿಸಿದರೆ ಆ ಲೆಕ್ಕ ತಪ್ಪುತ್ತದೆ. ಪಿವಿಸಿ ಪೆಟ್ ಜೊತೆಗೇ ಮುಳುಗಿ ಇಡೀ ಮಾಲನ್ನು ಕೆಡಿಸುತ್ತದೆ. ಪದರ ಪದರದ ಪೌಚನ್ನು ಯಾರೂ ಕೊಳ್ಳುವುದಿಲ್ಲ. ಪ್ಲಾಸ್ಟಿಕ್ ಸ್ಟ್ರಾ 2022ರ ಜುಲೈ 1ರಿಂದ ನಿಷೇಧವಾಗಿದೆ, ವಿನ್ಯಾಸದಲ್ಲಿ ಸೇರಿಸಬೇಡಿ.

ಖರ್ಚು ಎಷ್ಟಾಗುತ್ತದೆ? ಎಲ್ಲಿಂದ ಶುರು ಮಾಡಲಿ?

ಸಾಮಾನ್ಯ ಮುಚ್ಚಳಕ್ಕೆ ಪೈಸೆಗಳ ಲೆಕ್ಕ, ಕೋಣೆಯಿರುವ ಮುಚ್ಚಳಕ್ಕೆ ರೂಪಾಯಿಗಳ ಲೆಕ್ಕ. ಸ್ವಂತ ಅಚ್ಚು ಎಂದರೆ ಲಕ್ಷಗಳು. ಅಚ್ಚಿಗೆ ಮೊದಲು ಪೇಟೆಂಟ್ ಹುಡುಕಿಸಿ, ಕೋಣೆ ಮುಚ್ಚಳಗಳ ಮೇಲೆ ಪೇಟೆಂಟುಗಳು ಬಹಳ. ಪೇಟೆಂಟಿನ ಆಯಸ್ಸು 20 ವರ್ಷ, ಹಳೆಯ ಎಷ್ಟೋ ಉಪಾಯಗಳು ಈಗ ಮುಕ್ತವಾಗಿವೆ. ನಿಮ್ಮ ಬಾಟಲಿಯ ಆಕಾರ ಹೊಸದಾದರೆ 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಿ, 10 ವರ್ಷ ರಕ್ಷಣೆ, ಮತ್ತೆ 5 ವರ್ಷ ವಿಸ್ತರಣೆ.

ತುಂಬುವ ವಿಧಾನಕ್ಕೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ, 1950ರಿಂದ ಇದೇ ಕೆಲಸ. ಪ್ಯಾಕಿನ ಪರೀಕ್ಷೆಗೆ ಭಾರತೀಯ ಪ್ಯಾಕೇಜಿಂಗ್ ಸಂಸ್ಥೆಯ ಬೆಂಗಳೂರು ಕೇಂದ್ರ ಇದೆ.

ಶುರುವಿಗೆ ನನ್ನ ಸಲಹೆ ರಟ್ಟಿನ ತೋಳಿನ ಜೋಡಿ ಬಾಟಲಿಯೇ. ಅಂಗಡಿಯಲ್ಲಿ ಸಿಗುವ ಸಿದ್ಧ ಬಾಟಲಿಗಳು, ಅಚ್ಚಿನ ಖರ್ಚಿಲ್ಲ, ಪ್ರತಿಯೊಂದು ದ್ರವವನ್ನೂ ಅದಕ್ಕೆ ತಕ್ಕ ಕಾವಿನಲ್ಲಿ ತುಂಬಬಹುದು, ನಡುಗೋಡೆ ಸೋರುವ ಮಾತೇ ಇಲ್ಲ. ಒಂದು ಬೇಸಿಗೆ ಮಾರಿ. ಕುಡಿದವರು ಎಷ್ಟು ಸಿರಪ್ಪು ಉಳಿಸುತ್ತಾರೆ, ಎಷ್ಟು ಸಾಲದೆನ್ನುತ್ತಾರೆ ಎಂದು ಖಾಲಿ ಬಾಟಲಿಗಳನ್ನೇ ಮರಳಿ ತರಿಸಿ ನೋಡಿ. ಮುಂದೆ ಅಚ್ಚು ಮಾಡಿಸುವಾಗ ಕೋಣೆಯ ಅಳತೆಯನ್ನು ಆ ಬಾಟಲಿಗಳೇ ನಿಮಗೆ ಹೇಳಿರುತ್ತವೆ.